ಅಧ್ಯಕ್ಷರ ಬಿಯರಿಗೆ ನೊರೆ ಬರಲಿಲ್ಲ

ನಮ್ಮ ಮನೆಯ ಬಿಯರಿಗೆ ನೊರೆ ಬರುತ್ತಿರಲಿಲ್ಲ. ರಾಗಿ ಒಳ್ಳೆಯದೇ. ಗುಡಾಣ ನಮ್ಮತ್ತೆ ಕೊಟ್ಟದ್ದು, ತಲೆಮಾರುಗಳ ಬಿಯರು ಕುಡಿದು ಹೊಟ್ಟೆಯೊಳಗೆಲ್ಲ ಕಪ್ಪಾದ ಗುಡಾಣ. ತಪ್ಪು ನನ್ನದು ಮತ್ತು ನನ್ನ ಹೆಂಡತಿ ಸಿದ್ದಿಯದು. ನಾವಿಬ್ಬರೂ ಜಗಳವಾಡುತ್ತಿರಲಿಲ್ಲ.

ಆಡಬಾರದೆಂದು ವ್ರತವೇನೂ ಹಿಡಿದಿರಲಿಲ್ಲ. ನಮಗದು ಬರುತ್ತಿರಲಿಲ್ಲ, ಅಷ್ಟೆ. ಸಾರಿಗೆ ಉಪ್ಪು ಕಮ್ಮಿ ಎಂದು ನಾನಂದರೆ ಸಿದ್ದಿ "ಹೂಂ ಕಣ್ರೀ, ನಂಗೂ ಹಂಗೇ ಅನ್ನಿಸ್ತು" ಎನ್ನುವಳು. ಇವತ್ತು ಮಳೆ ಬರುತ್ತದೆ ಎಂದು ಅವಳಂದರೆ ನಾನು ಆಕಾಶ ನೋಡದೆಯೇ ಕೊಡೆ ಹುಡುಕುವೆನು. ಬೇರೆ ಊರಿನಲ್ಲಿ ಇಂಥ ಗಂಡಹೆಂಡಿರನ್ನು ಕಂಡರೆ ಜನ ಹೊಗಳುತ್ತಾರಂತೆ. ನಮ್ಮ ಊರಿನಲ್ಲಿ ಅಯ್ಯೋ ಪಾಪ ಎನ್ನುತ್ತಾರೆ. ಇಲ್ಲಿ ಗುಡಾಣದ ಪಕ್ಕ ನಿಂತು ಯಾರಾದರೂ ಮನಸಾರೆ ಜಗಳವಾಡಿದರೆ ಮಾತ್ರ ಒಳಗಿನ ರಸ ಹುದುಗಿ ಉಕ್ಕುತ್ತದೆ. ಇಲ್ಲದಿದ್ದರೆ ಅದು ಮಂಕಾಗಿ, ರಾಗಿ ತೊಳೆದ ನೀರಿನ ಹಾಗೆ, ಬಿದ್ದುಕೊಂಡಿರುತ್ತದೆ.

ಬಿಯರು ಮಾಡುವ ಹುಚ್ಚು ನಮ್ಮಲ್ಲಿ ಮನೆಮನೆಗೂ ಇದೆ. ಮಾರುವುದಿಲ್ಲ, ಮಾಡಿ, ಕುಡಿದು, ಪಕ್ಕದ ಮನೆಯವರಿಗೆ ಕುಡಿಸಿ, ಅವರದ್ದಕ್ಕಿಂತ ನಮ್ಮದು ಮೇಲು ಎಂದು ಸಾಧಿಸುವುದೇ ಇದರ ಸುಖ. ರಾಗಿಯನ್ನು ನೆನೆಸಿ ಒದ್ದೆ ಗೋಣಿಯ ಮೇಲೆ ಮೊಳಕೆ ಬರಿಸಬೇಕು. ಒಣಗಿಸಿ, ಹದವಾಗಿ ಹುರಿದು, ತರಿಯಾಗಿ ಬೀಸಿಸಿಕೊಂಡು ಬಿಸಿನೀರಿನಲ್ಲಿ ಕಲಸಿಟ್ಟರೆ ಮನೆಯೆಲ್ಲ ಸಿಹಿ ಗಂಜಿಯ ಪರಿಮಳ. ಸೋಸಿದ ರಸವನ್ನು ಬೇವಿನ ಹೂವು ಹಾಕಿ ಕುದಿಸಿ, ಆರಿಸಿ, ಹಿಂದಿನ ಸಲ ತಳದಲ್ಲಿ ಉಳಿದ ಗಷ್ಟನ್ನು ಬೆರೆಸಿ ಗುಡಾಣದ ಬಾಯಿಗೆ ಬಟ್ಟೆ ಕಟ್ಟಿದರೆ ಕೈಕೆಲಸ ಮುಗಿಯಿತು. ಕೆಲವರು ಕಿತ್ತಳೆ ಸಿಪ್ಪೆ ಹಾಕುತ್ತಾರೆ, ಕೆಲವರು ಕೊತ್ತಂಬರಿ ಬೀಜ. ಹುರಿದ ಹಲಸಿನ ಬೀಜ ಹಾಕಿ ಹೆಸರು ಕೆಡಿಸಿಕೊಂಡವರೂ ಇದ್ದಾರೆ. ಆಮೇಲಿನದೆಲ್ಲ ಬಾಯಿಕೆಲಸ.

ಹೀಗಾಗಿ ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿ ಹಾಡುತ್ತಾಳೆಯೇ ಎಂದು ಕೇಳುವುದಿಲ್ಲ, ಎದುರಾಡುತ್ತಾಳೆಯೇ ಎಂದು ಕೇಳುತ್ತಾರೆ. ಹೆಪ್ಪಿಗೆ ಮೊಸರು ಕೇಳುವ ಹಾಗೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಜಗಳ ಎರವಲು ಹೋಗುತ್ತದೆ. ಅತ್ತೆ ಸೊಸೆಯರ ಜಗಳಕ್ಕೆ ಸಣ್ಣ ನೊರೆ, ಕೆನೆಯ ಹಾಗೆ ನಿಲ್ಲುತ್ತದೆ. ಓಟಿನ ಜಗಳಕ್ಕೆ ದೊಡ್ಡ ದೊಡ್ಡ ಗುಳ್ಳೆ, ಲೋಟಕ್ಕೆ ಬಗ್ಗಿಸುವಷ್ಟರಲ್ಲಿ ಒಡೆದು ಹೋಗುತ್ತವೆ. ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ಮಾಡಿದ ಬಿಯರನ್ನು ವರ್ಷಗಟ್ಟಲೆ ಇಡಬಹುದು. ಸುಳ್ಳು ಜಗಳ ಮಾತ್ರ ನಡೆಯುವುದಿಲ್ಲ. ಒಮ್ಮೆ ಯಾರೋ ನಾಟಕದವರನ್ನು ಕರೆಸಿ ಗುಡಾಣದ ಮುಂದೆ ದುರ್ಯೋಧನ ಭೀಮರ ಜಗಳ ಆಡಿಸಿದರು. ಗದೆ ಮುರಿಯಿತು; ಬಿಯರು ಉಪ್ಪಿನಕಾಯಿಗೂ ಆಗದಷ್ಟು ಹುಳಿಯಾಯಿತು.

ನಮ್ಮ ಮನೆಗೆ ಜಗಳ ಎರವಲು ಕೊಡಲು ಬರುತ್ತಿದ್ದವಳು ಹನುಮಕ್ಕ. ನಮ್ಮ ಹಿಂಬೀದಿಯ ಮೂಲೆಯಲ್ಲಿ ತಳ್ಳುಗಾಡಿಯ ಮೇಲೆ ಇಸ್ತ್ರಿ ಹಾಕುತ್ತಾಳೆ. ಅವಳು ಹಾಕಿದ ತೋಳಿನ ಗೆರೆಯಲ್ಲಿ ಸೌತೆಕಾಯಿ ಹೆಚ್ಚಬಹುದು ಎಂದು ನಮ್ಮ ಬೀದಿಯ ಹೆಮ್ಮೆ. ಬಾಯಿಯೂ ಹಾಗೆಯೇ. ಗುಡಾಣದ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತು, "ಏನ್ ಈರಣ್ಣ, ಲಾರಿ ಹಿಂದ್ಗಡೆ ಅಕ್ಸರ ಬರ್ಕೊಂಡೇ ಆಯಸ್ಸು ಕಳೀತೀಯಾ? ನಿನ್ನಂಥ ಸೋಮಾರಿನ ಈ ಬೀದಿ ಕಂಡಿಲ್ಲ" ಎಂದು ಶುರು ಮಾಡುವಳು.

"ನೀನನ್ನೋದು ಸರಿ ಅಕ್ಕ" ಎನ್ನುವೆ ನಾನು. ನನ್ನ ಕೆಲಸವೇ ಲಾರಿಗಳ ಬೆನ್ನಿಗೆ ಅಕ್ಷರ ಬರೆಯುವುದು, ಮತ್ತು ನಾನು ಸೋಮಾರಿ ಎಂಬುದೂ ನಿಜ.

"ಥೂ ನಿನ್ನ. ಒಂದು ಮಾತಾದ್ರೂ ಎದುರಾಡೋ."

"ಆಡ್ಬೇಕಾಗಿತ್ತು ಅಕ್ಕ, ತಪ್ಪಾಯ್ತು."

ಗುಡಾಣದೊಳಗೆ ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. ಒಂದು ಕೈಯಲ್ಲಿ ಚಪ್ಪಾಳೆ ತಟ್ಟಿ ತಟ್ಟಿ ಸಾಕಾದವಳ ಹಾಗೆ ಹನುಮಕ್ಕ ಕಾಫಿ ಕುಡಿದು ಎದ್ದು ಹೋಗುವಳು.

ನಮ್ಮದೊಂದು ಮನೆಯ ಬಿಯರು ಚಪ್ಪೆಯಾದರೆ ಊರು ಮುಳುಗುತ್ತಿರಲಿಲ್ಲ. ಮುಳುಗುವ ಮಾತು ಬೇರೆಯೇ ಇತ್ತು. ಊರ ತಲೆಯ ಮೇಲೆ ಬಂಡೆಗಳ ಸಂದಿಯಲ್ಲಿ ಒಂದು ಚಿಲುಮೆ ಇದೆ. ಕುಡಿಯುವುದಕ್ಕೂ ಬಿಯರಿಗೂ ಅದೇ ನೀರು. ಚಿಲುಮೆಯ ಕೆಳಗೆ ತೊಟ್ಟಿ, ತೊಟ್ಟಿಯಿಂದ ಎರಡು ಪೈಪು, ಒಂದು ಮೇಲ್ಬೀದಿಗೆ, ಒಂದು ನಮ್ಮ ಹಿಂಬೀದಿಗೆ. ಎರಡಕ್ಕೂ ಸೇರಿ ಒಂದೇ ತಿರುಪು, ತಿರುಗಿಸಿದ ಕಡೆಗೆ ನೀರು. ಆ ತಿರುಪಿಗೆ ಒಂದು ಕಬ್ಬಿಣದ ಕೀಲಿ. ಸುಗ್ಗಿಯಾದ ಮೇಲೆ ನಡೆಯುವ ಹೊಸ ನೊರೆಯ ಕೂಟದಲ್ಲಿ ಯಾರ ಬಿಯರು ಗೆಲ್ಲುತ್ತದೋ ಆ ವರ್ಷ ಕೀಲಿ ಅವರ ಮನೆಯ ಮೊಳೆಗೆ. ಒಳ್ಳೆಯ ಬಿಯರು ಮಾಡುವವನಿಗೆ ನೀರಿನ ಬೆಲೆ ಗೊತ್ತಿರುತ್ತದೆ ಎಂದು ಹಿಂದಿನವರು ನಂಬಿದ್ದರು. ಹಿಂದಿನವರು ಬಹಳ ನಂಬಿಕೆಯ ಜನ.

ನಾನು ಹುಡುಗನಾಗಿದ್ದಾಗಿನಿಂದ ಕೀಲಿ ನೇತಾಡುತ್ತಿದ್ದುದು ಬಿಯರು ಸಂಘದ ಅಧ್ಯಕ್ಷ ನಿರಂಜನಮೂರ್ತಿಗಳ ಮನೆಯಲ್ಲಿ, ಅದಕ್ಕೆ ಮುಂಚೆ ಅವರ ಅಪ್ಪನ ಕಾಲದಲ್ಲೂ ಅಲ್ಲೇ. ಮೇಲ್ಬೀದಿಗೆ ಬೆಳಗಿನಿಂದ ಸಂಜೆಯ ತನಕ ನೀರು. ಅಲ್ಲಿ ಕಾರು ತೊಳೆಯುತ್ತಾರೆ, ನಾಯಿ ತೊಳೆಯುತ್ತಾರೆ, ತೊಳೆದ ಅಂಗಳವನ್ನೇ ಮತ್ತೆ ತೊಳೆಯುತ್ತಾರೆ. ನಮಗೆ ದಿನ ಬಿಟ್ಟು ದಿನ, ಅದೂ ಅಧ್ಯಕ್ಷರಿಗೆ ನೆನಪಾದರೆ. ನಮ್ಮ ಬೀದಿಯ ಹೆಂಗಸರ ಆಯುಷ್ಯವೆಲ್ಲ ಖಾಲಿ ಕೊಡದ ಸಾಲಿನಲ್ಲಿ ನಿಂತೇ ಕಳೆಯಿತು. ಬಿಂದಿಗೆ ಇಟ್ಟ ಜಾಗದಲ್ಲಿ ಕಲ್ಲುಗಳಿಗೆ ಕುಳಿ ಬಿದ್ದಿತ್ತು.

ಅಧ್ಯಕ್ಷರ ಮನೆಯ ಹಿಂದೆ ಬಿಯರಿನದೇ ಒಂದು ಹಜಾರ. ಆಳೆತ್ತರದ ಸ್ಟೀಲ್ ಟ್ಯಾಂಕು, ಹೊಟ್ಟೆಯಲ್ಲೊಂದು ಗಾಜಿನ ಕಿಟಕಿ, ಥರ್ಮಾಮೀಟರುಗಳು, ಹಡಗಿನಲ್ಲಿ ಬಂದ ಹಾಪ್ಸ್ ಎಂಬ ಕಹಿ ಹೂವಿನ ಡಬ್ಬಗಳು. ಪ್ರತಿ ಗುರುವಾರ ಅಲ್ಲಿ ಅಹವಾಲು. ಯಾರಿಗೆ ಏನೇ ಕುಂದುಕೊರತೆ ಇದ್ದರೂ ಬಂದು ಹೇಳಬಹುದು. ಅಹವಾಲಿನವರಿಗೆಂದು ಹಾಕಿದ್ದ ಬೆಂಚು ಟ್ಯಾಂಕಿಗೆ ಒರಗಿಕೊಂಡೇ ಇತ್ತು.

ನಾವೇನು ದಡ್ಡರಲ್ಲ. ಬೆಂಚು ಅಲ್ಲಿ ಯಾಕಿದೆ ಎಂದು ಹಿಂಬೀದಿಯ ಕೂಸಿಗೂ ಗೊತ್ತಿತ್ತು. ಆದರೆ ನೀರಿನ ಜಗಳವನ್ನು ಕೀಲಿ ಇರುವವನ ಹತ್ತಿರ ಆಡದೆ ಇನ್ನಾರ ಹತ್ತಿರ ಆಡುವುದು? ಅಧ್ಯಕ್ಷರು ಬೆತ್ತದ ಕುರ್ಚಿಯಲ್ಲಿ ಕೂತು, ಒಂದು ಕಣ್ಣು ನಮ್ಮ ಮೇಲೆ ಒಂದು ಕಣ್ಣು ಗಾಜಿನ ಮೇಲೆ ಇಟ್ಟು, ನಮ್ಮ ಬೆಂಕಿಗೆ ಬೇಕಾದಷ್ಟೇ ಗಾಳಿ ಹಾಕುತ್ತಿದ್ದರು. "ನಿಮ್ಮ ಬೀದಿಯವರು ನೀರು ಪೋಲು ಮಾಡ್ತೀರಿ." "ಸ್ನಾನ ದಿನಾ ಮಾಡ್ಲೇಬೇಕಾ?" ನಮ್ಮವರು ಕೆರಳಿ ಕೂಗುವರು, ಅವರು ತಣ್ಣಗೆ ಎದುರಾಡುವರು, ಗಾಜಿನ ಹಿಂದೆ ನೊರೆ ಏರುವುದು. ಅದು ಕಿಟಕಿಯ ಅಂಚು ಮುಟ್ಟಿದ ಕೂಡಲೇ ಅಧ್ಯಕ್ಷರು ಎದ್ದು ನಿಂತು, "ಕೇಳಿಸಿಕೊಂಡೆ. ನೋಡೋಣ" ಎನ್ನುವರು. ಅಹವಾಲು ಮುಗಿಯಿತು. ಗಂಟಲು ಒಣಗಿಸಿಕೊಂಡು ಮನೆಗೆ ಬಂದವರಿಗೆ ಮನೆಯ ಗುಡಾಣದ ಮುಂದೆ ಆಡಲು ಒಂದು ಮಾತೂ ಉಳಿದಿರುತ್ತಿರಲಿಲ್ಲ. ನಮ್ಮ ಬೀದಿಯ ಬಿಯರು ಯಾಕೆ ಗೆಲ್ಲುತ್ತಿರಲಿಲ್ಲ ಎಂಬುದಕ್ಕೆ ಇಷ್ಟೇ ಕಾರಣ. ಸಿಟ್ಟು ನಮ್ಮದು, ನೊರೆ ಅವರದು.

ಇದೂ ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಕೂಟಕ್ಕೆ ತಿಂಗಳಿರುವಾಗ ಹನುಮಕ್ಕ ಅಂಗಿಗಳ ಗಂಟು ಹೊತ್ತು ಅಧ್ಯಕ್ಷರ ಮನೆಗೆ ಹೋದಳು. ಹಜಾರದಲ್ಲಿ ಮೇಲ್ಬೀದಿಯ ರಸಿಕರು ಹಿಂದಿನ ಸಲದ ಬಾಟಲಿ ಬಿಚ್ಚಿಕೊಂಡು ಕೂತಿದ್ದರು. ಅಧ್ಯಕ್ಷರು ಲೋಟವನ್ನು ಬೆಳಕಿಗೆ ಹಿಡಿದು, ಮೂಗು ಒಳಗಿಟ್ಟು, ಒಂದು ಗುಟುಕು ನಾಲಿಗೆಯ ಮೇಲೆ ಹೊರಳಿಸಿ ವಿವರಿಸುತ್ತಿದ್ದರು. ಮೊದಲು ಹುರಿದ ರಾಗಿ, ಆಮೇಲೆ ಕಿತ್ತಳೆ ಸಿಪ್ಪೆ. "ಕೊನೇಲಿ ಒಂದು ಕಹಿ ಬರುತ್ತಲ್ಲ, ಗಮನಿಸಿದ್ರಾ? ಅದು ನಮ್ಮ ಇಸ್ತ್ರಿ ಹನುಮಿ. ಮಗಳ ಬಾಣಂತನದಲ್ಲಿ ನೀರು ಬರ್ಲಿಲ್ಲ ಅಂತ ಬಂದು ಅತ್ತಿದ್ಳು. ಅಂಥ ಕಹಿ ಹಾಪ್ಸಿನಲ್ಲೂ ಬರಲ್ಲ." ರಸಿಕರು ಇನ್ನೊಂದು ಗುಟುಕು ಹೊರಳಿಸಿ, ಹೌದು ಹೌದು, ಅಪರೂಪದ್ದು ಎಂದರು. ಒಬ್ಬ ಇನ್ನರ್ಧ ಲೋಟ ಕೇಳಿದ.

ಹನುಮಕ್ಕ ಗಂಟನ್ನು ಬಾಗಿಲಲ್ಲಿಟ್ಟು ನೇರ ನಮ್ಮ ಮನೆಗೆ ಬಂದಳು. ಅವಳು ಕೂಗದೆ ಮಾತನಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ನನ್ನ ಮಗಳ ಬಾಣಂತನ ಕುಡೀತಾ ಕೂತವ್ರೆ ಕಣೇ ಸಿದ್ದಿ" ಎಂದಳು. "ಚಪ್ಪರಿಸ್ಕೊಂಡು."

ಸಿದ್ದಿ ಅವಳ ಕೈಗೆ ನೀರಿನ ಚೊಂಬು ಕೊಟ್ಟಳು. ಆ ಹೊತ್ತಿಗೆ ಬೀದಿಯ ಜನ ಬಾಗಿಲಲ್ಲಿ ನೆರೆದಿದ್ದರು. ಟ್ಯಾಂಕು ಒಡೆಯೋಣ ಎಂದು ಒಬ್ಬ, ಪೈಪು ಕಡಿಯೋಣ ಎಂದು ಇನ್ನೊಬ್ಬ. ಹೋಗಿ ಬಾಯಿಗೆ ಬಂದಂತೆ ಬೈದು ಬರೋಣ ಎಂದು ಎಲ್ಲರೂ ಎದ್ದರು.

"ಬೈದ್ರೆ ಅವ್ರಿಗೇ ಲಾಬ ಅಲ್ವಾ" ಎಂದಳು ಸಿದ್ದಿ. "ಅವ್ರು ಹೇಳಿದ್ದಕ್ಕೆಲ್ಲ ಹೂಂ ಅನ್ನಿ."

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ. ಬಾಯ್ಮಾತಿಗಲ್ಲ, ನಿಜವಾಗ್ಲೂ ಒಪ್ಕೊಂಡವ್ರ ಥರ. ನಾನು ಇವ್ರು ಇಷ್ಟು ವರ್ಸದಿಂದ ಮಾಡ್ತಾ ಇಲ್ವಾ? ನಮ್ ಗುಡಾಣ ನೋಡಿ, ಹೆಂಗೆ ಸತ್ತು ಬಿದ್ದೈತೆ."

ಎಲ್ಲರೂ ನಮ್ಮ ಗುಡಾಣದ ಕಡೆ ನೋಡಿದರು. ಊರಿಗೆಲ್ಲ ನಗೆಪಾಟಲಾಗಿದ್ದ ನಮ್ಮ ದಾಂಪತ್ಯವನ್ನು ಹಿಂಬೀದಿ ಅವತ್ತು ಮೊದಲ ಬಾರಿಗೆ ಗೌರವದಿಂದ ನೋಡಿತು.

ಅಂದಿನಿಂದ ನಮ್ಮ ಜಗುಲಿಯ ಮೇಲೆ ಒಪ್ಪಿಕೊಳ್ಳುವ ಪಾಠ ಶುರುವಾಯಿತು. ನಾನು ಅಧ್ಯಕ್ಷನಾಗಿ ಕುರ್ಚಿಯಲ್ಲಿ ಕೂರುವೆನು, ಸಿದ್ದಿ ಬೆತ್ತ ಹಿಡಿದು ನಿಲ್ಲುವಳು. ಹುಟ್ಟಿದಾಗಿನಿಂದ ಎದುರಾಡಿಕೊಂಡೇ ಬದುಕಿದ ಜನಕ್ಕೆ ಇದು ಎಷ್ಟು ಕಷ್ಟ ಎಂದು ಹೇಳಲಾರೆ. "ಹೂಂ ಅಧ್ಯಕ್ಷರೇ" ಎಂದು ಚೆನ್ನಾಗಿಯೇ ಶುರು ಮಾಡಿ, "ಆದ್ರೆ" ಎಂದು ಬಾಯಿ ಜಾರುವರು. ಆದ್ರೆ ಎಂದವರ ಮಂಡಿಗೆ ಬೆತ್ತದ ತುದಿ ಬೀಳುವುದು. ಹಲ್ಲು ಕಚ್ಚಿಕೊಂಡು ಹೂಂ ಎಂದರೂ ಬೀಳುವುದು. "ಮನಸ್ಸು ಖಾಲಿ ಮಾಡ್ಕೊಳ್ಳಿ," ಎನ್ನುವಳು ಸಿದ್ದಿ, "ನಮ್ಮೆಜಮಾನ್ರ ಮುಖ ನೋಡ್ಕೊಂಡು ಕಲೀರಿ. ಒಳಗೇನಾದ್ರೂ ಐತೆ ಅನ್ನಿಸ್ತದಾ?" ಇಲ್ಲ ಎಂದು ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ.

ಅಧ್ಯಕ್ಷರು ಕೂಟಕ್ಕೆಂದು ಹೊಸ ರಸ ಟ್ಯಾಂಕಿಗೆ ತುಂಬಿದ ವಾರ ನಾವೆಲ್ಲ ತಲೆ ಬಾಚಿಕೊಂಡು ಅಹವಾಲಿಗೆ ಹೋದೆವು. ಬೆಂಚಿನ ಮೇಲೆ ಜಾಗ ಸಾಲದೆ ಕೆಲವರು ಟ್ಯಾಂಕಿಗೇ ಒರಗಿ ನಿಂತರು. ಇಷ್ಟು ಜನರನ್ನು ಕಂಡು ಅಧ್ಯಕ್ಷರ ಮುಖ ಅರಳಿತು. ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆಸಿಕೊಂಡರು.

"ಏನಪ್ಪ, ಮತ್ತೆ ನೀರಿನ ತಕರಾರಾ? ದಿನ ಬಿಟ್ಟು ದಿನ ಬಿಡ್ತಾ ಇದೀನಲ್ಲ, ಸಾಲ್ದಾ?"

"ಸಾಕು ಬುದ್ಧಿ" ಎಂದ ಮುದುಕ ದಾಸಪ್ಪ. "ವಸಿ ಜಾಸ್ತಿನೇ ಆಯ್ತು."

ಅಧ್ಯಕ್ಷರು ಗಾಜಿನ ಕಡೆ ನೋಡಿದರು. "ನೀವು ಪೋಲು ಮಾಡ್ತೀರಿ. ನಾನು ಕಣ್ಣಾರೆ ಕಂಡಿದೀನಿ."

"ಮಾಡ್ತೀವಿ ಬುದ್ಧಿ. ಬಿಂದಿಗೇಲಿ ಹಿಡ್ಕೊಂಡು ಹೋಗಿ ಚರಂಡಿಗೆ ಸುರೀತೀವಿ. ಹರಿಯೋದು ನೋಡೋಕೆ ಚೆಂದ."

"ಏನು, ತಮಾಷೆನಾ?"

"ಹೂಂ ಅಧ್ಯಕ್ಷರೇ, ತಮಾಷೆನೇ" ಎಂದೆ ನಾನು, ಖಾಲಿ ಮುಖ ಮಾಡಿಕೊಂಡು.

ಅವರು ಮಾತಿನ ಜಾಡು ಬದಲಿಸಿದರು. ನಮ್ಮ ಮಕ್ಕಳು ಕಳ್ಳರು ಎಂದರು. ಇಬ್ಬರು ಮಕ್ಕಳ ತಾಯಿಯೊಬ್ಬಳು, ಚಿಕ್ಕವನು ಇನ್ನೂ ಕಲಿಯುತ್ತಿದ್ದಾನೆ, ದೊಡ್ಡವನ ಕೈ ಚೆನ್ನಾಗಿ ಕುದುರಿದೆ ಎಂದಳು. ನಮ್ಮ ಬೀದಿ ನಾರುತ್ತದೆ ಎಂದರು. ಎಲ್ಲರೂ ಒಮ್ಮೆ ಮೂಗೆಳೆದು ನೋಡಿ, ಹೌದು, ಗಾಳಿ ಬಂದರೆ ಇನ್ನೂ ಜಾಸ್ತಿ ಎಂದೆವು. ಅಧ್ಯಕ್ಷರ ಕೊರಳಿನ ನರ ಉಬ್ಬಿತು. ಅವರು ಕೂಗಿದರು, ಕೂಗಿದ್ದು ಅವರೊಬ್ಬರೇ. ಟ್ಯಾಂಕಿನೊಳಗೆ ರಸ ಕನ್ನಡಿಯ ಹಾಗೆ ನಿಶ್ಚಲವಾಗಿತ್ತು.

ಆಗ ಅವರ ಕಣ್ಣು ಹನುಮಕ್ಕನ ಮೇಲೆ ಬಿತ್ತು. ತೊಟ್ಟಿದ್ದ ಅಂಗಿಯ ತೋಳನ್ನು ಮುಂದೆ ಚಾಚಿ, ಬೆರಳಿನಿಂದ ಗೆರೆಯನ್ನು ತೋರಿಸಿದರು.

"ಹನುಮಿ, ಬಹಳ ದಿನದಿಂದ ಹೇಳ್ಬೇಕು ಅಂತಿದ್ದೆ. ನೀನು ಹಾಕೋ ಗೆರೆ ಸೊಟ್ಟ."

ಹನುಮಕ್ಕನ ಕಿವಿ ಕೆಂಪಾಯಿತು. ಗಾಜಿನ ಹಿಂದೆ, ನಾನು ನೋಡಿದೆ, ತಳದಿಂದ ಒಂದೇ ಒಂದು ಗುಳ್ಳೆ ಎದ್ದು ಮೆಲ್ಲಗೆ ಮೇಲೆ ಬರತೊಡಗಿತು. ಅಧ್ಯಕ್ಷರೂ ನೋಡಿದರು. ಅವರ ತುಟಿಯ ಅಂಚು ಏರಿತು. ಸಿದ್ದಿ ಹಿಂದಿನಿಂದ ಹನುಮಕ್ಕನ ಸೆರಗು ಹಿಡಿದುಕೊಂಡಳು. ಹನುಮಕ್ಕ ಬಾಯಿ ತೆರೆದಳು, ಮುಚ್ಚಿದಳು. ಗಂಟಲೊಳಗೆ ಏನನ್ನೋ ದೊಡ್ಡದನ್ನು ನುಂಗಿದ್ದು ಎಲ್ಲರಿಗೂ ಕಾಣಿಸಿತು.

"ಸೊಟ್ಟನೇ ಅಧ್ಯಕ್ಷರೇ" ಎಂದಳು. "ನೆಟ್ಟಗೆ ಹಾಕೋಕೆ ನಂಗೆ ಬರಲ್ಲ."

ಗುಳ್ಳೆ ಮೇಲೆ ಬಂದು ಸದ್ದಿಲ್ಲದೆ ಒಡೆಯಿತು. ಅದರ ಹಿಂದೆ ಇನ್ನೊಂದು ಬರಲಿಲ್ಲ. ನಾವು ಎದ್ದು, ಕೈಮುಗಿದು, ನಮ್ಮ ಅಹವಾಲು ಕೇಳಿಸಿಕೊಂಡದ್ದಕ್ಕೆ ಧನ್ಯವಾದ ಹೇಳಿ ಹೊರಟೆವು.

ಹನುಮಕ್ಕ ಎಲ್ಲರಿಗಿಂತ ಮುಂದೆ ನಡೆದಳು. ನಮ್ಮ ಮನೆಯ ಹೊಸ್ತಿಲು ದಾಟಿ, ಗುಡಾಣದ ಪಕ್ಕದ ಗೋಡೆಗೆ ಒರಗಿ ಕೂತಳು. ಅಲ್ಲಿಯ ತನಕ ಹಿಡಿದಿಟ್ಟದ್ದೆಲ್ಲ ಆಗ ಹೊರಗೆ ಬಂತು. "ಸೊಟ್ಟ ಅಂತೆ. ನನ್ನ ಗೆರೆ. ನಮ್ಮವ್ವ ಸೆರಗಿಗೆ ಕೆಂಡ ಬಿದ್ರೂ ಇಸ್ತ್ರಿ ಎತ್ತದೇ ಕಲ್ಸಿದ ಗೆರೆ. ಹೂಂ ಅಂದ್ಬಿಟ್ಟೆನಲ್ಲೋ ಈರಣ್ಣ, ಈ ಬಾಯಲ್ಲಿ."

ಅವಳನ್ನು ಸಮಾಧಾನ ಮಾಡಬೇಕೆನ್ನಿಸಿತು ನನಗೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ. "ಹೋಗ್ಲಿ ಬಿಡಕ್ಕ. ಎಲ್ರಿಗೂ ಒಂದೊಂದ್ಸಲ ಆಗ್ತದೆ. ಹೋದ ಹಬ್ಬದಲ್ಲಿ ನನ್ನ ನೀಲಿ ಅಂಗಿ ತೋಳು ನೋಡು, ಅದ್ರ ಗೆರೆನೂ ವಸಿ ಸೊಟ್ಟನೇ ಇತ್ತು."

ಹನುಮಕ್ಕ ನಿಧಾನವಾಗಿ ತಲೆ ಎತ್ತಿದಳು. ಆದರೆ ಬಾಯಿ ತೆರೆದದ್ದು ಅವಳಲ್ಲ.

"ಏನಂದ್ರಿ?" ಎಂದಳು ಸಿದ್ದಿ.

"ವಸಿ ಸೊಟ್ಟ ಇತ್ತು ಅಂದೆ. ನೀನೂ ನೋಡಿದ್ದೆಯಲ್ಲ."

"ನಾನು ನೋಡಿದ್ದೆ. ನೆಟ್ಟಗಿತ್ತು. ಸೊಟ್ಟಗಿದ್ದಿದ್ದು ನಿಮ್ಮ ಭುಜ."

ಇಷ್ಟು ವರ್ಷಗಳಲ್ಲಿ ಅವಳು ನನ್ನ ಮಾತಿಗೆ ಅಲ್ಲ ಎಂದದ್ದು ಅದೇ ಮೊದಲು. "ಅಕ್ಷರ ಬರೆಯೋನಿಗೆ ಗೆರೆ ಗೊತ್ತಾಗಲ್ವೇನೆ?" ಎಂದೆ. ನನ್ನ ದನಿ ಏರಿದ್ದು ನನಗೇ ಕೇಳಿಸಿತು. "ನೀವು ಬರ್ದ ಲಾರಿ ಎಲ್ಲ ಒಂದ್ಕಡೆಗೆ ವಾಲ್ಕೊಂಡೇ ಹೋಗ್ತವೆ" ಎಂದಳು ಅವಳು. ಹನುಮಕ್ಕ ನಡುವೆ ನುಗ್ಗಿ, ನನ್ನ ಅಂಗಿಗೆ ತಾನು ಇಸ್ತ್ರಿ ಹಾಕಿದ್ದೇ ದೊಡ್ಡದು, ಅದು ನೆಲ ಒರೆಸಲೂ ಆಗದ ಅಂಗಿ ಎಂದಳು. ಅಂಗಿ ತನ್ನ ಅಪ್ಪ ತಂದದ್ದು ಎಂದು ಸಿದ್ದಿ ಈಗ ಹನುಮಕ್ಕನ ಮೇಲೆ ತಿರುಗಿದಳು. ಗದ್ದಲ ಕೇಳಿ ಬೀದಿ ಒಳಗೆ ಬಂತು. ಕೀಲಿ ನಮ್ಮ ಕೈಗೆ ಸಿಕ್ಕರೆ ಇಂಥ ಗೆರೆ ಜಗಳಕ್ಕೆಲ್ಲ ಪುರಸೊತ್ತು ಇರುವುದಿಲ್ಲ ಎಂದು ದಾಸಪ್ಪ ಬುದ್ಧಿ ಹೇಳಲು ಹೋದ. ಸಿಕ್ಕರೆ ನೀರು ಮೊದಲು ಯಾವ ತುದಿಗೆ ಎಂದು ಯಾರೋ ಕೇಳಿದರು. ಅಷ್ಟೇ ಸಾಕಾಯಿತು. ಹುಣಸೆಮರದ ತುದಿಯವರು, ಗರಡಿಯ ತುದಿಯವರು ಎಂದು ಬೀದಿ ಎರಡು ಪಾಲಾಯಿತು. ಟ್ಯಾಂಕಿನ ಮುಂದೆ ನುಂಗಿಕೊಂಡು ಬಂದ ಸಿಟ್ಟು ಎಲ್ಲರ ಹೊಟ್ಟೆಯಲ್ಲೂ ಹಾಗೇ ಇತ್ತಲ್ಲ. ಇನ್ನೂ ಕೈಗೆ ಬಾರದ ಕೀಲಿಗಾಗಿ, ಇನ್ನೂ ಪೈಪಿಗೆ ಇಳಿಯದ ನೀರಿಗಾಗಿ ನಾವು ಕೊರಳಪಟ್ಟಿ ಹಿಡಿದುಕೊಂಡೆವು.

ಆಗ ಫಟ್ ಎಂದು ಸದ್ದಾಯಿತು. ಗುಡಾಣದ ಬಾಯಿಯ ಬಟ್ಟೆ ಹಾರಿ ತೊಲೆಗೆ ನೇತುಬಿದ್ದಿತ್ತು. ಬೆಳ್ಳಗೆ, ಹತ್ತಿಯ ಹಾಗೆ ನೊರೆ ಎದ್ದು ಗುಡಾಣದ ಭುಜದ ಮೇಲಿಂದ ಇಳಿಯುತ್ತಿತ್ತು. ಅದರೊಳಗಿಂದ ಜೇನುಗೂಡಿನಂಥ ಸದ್ದು. ನಾವೆಲ್ಲ ಹಿಡಿದ ಕೊರಳಪಟ್ಟಿ ಬಿಡದೆಯೇ ತಿರುಗಿ ನೋಡಿದೆವು. ಸಿದ್ದಿ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ನನ್ನ ಕಡೆ ನೋಡಿ, "ಆದ್ರೂ ಗೆರೆ ನೆಟ್ಟಗೇ ಇತ್ತು" ಎಂದಳು. ನೊರೆ ಇನ್ನೊಂದು ಮೊಳ ಎದ್ದಿತು.

ಅತ್ತ ಅಧ್ಯಕ್ಷರ ಪಾಡು ಕೇಳಿದವರು ನಕ್ಕರು. ಮೇಲ್ಬೀದಿಯ ರಸಿಕರನ್ನು ಕರೆಸಿ ಜಗಳವಾಡಿ ಎಂದರಂತೆ. ಅವರಿಗೆ ಅಧ್ಯಕ್ಷರ ಮಾತಿಗೆ ತಲೆಯಾಡಿಸಿ ಕತ್ತೇ ಹಾಗೆ ತಿರುಗಿಹೋಗಿತ್ತು. ಕೊನೆಗೆ ಹೆಂಡತಿ ಕಾತ್ಯಾಯಿನಮ್ಮನವರನ್ನು ಟ್ಯಾಂಕಿನ ಮುಂದೆ ನಿಲ್ಲಿಸಿ, ಅವರ ತವರನ್ನೂ ಅಡುಗೆಯನ್ನೂ ಬಣ್ಣವನ್ನೂ ಬೈದರು. ಆಯಮ್ಮ ಮದುವೆಯಾದಂದಿನಿಂದ ಹೇಳಿದ ಹಾಗೆಯೇ ಹೇಳಿದರು: "ನೀವು ಹೇಳಿದ ಮೇಲೆ ಆಯ್ತು." ಆ ಮನೆಯಲ್ಲಿ ಎದುರಾಡಿದ ಹೆಂಗಸನ್ನು ಹಿಂದೊಮ್ಮೆ ಹಾಳುಬಾವಿಯ ಕಟ್ಟೆಯ ಮೇಲೆ ರಾತ್ರಿಯಿಡೀ ಕೂರಿಸಿದ್ದರಂತೆ. ಅಂಥ ಮನೆಗೆ ಸ್ವಂತದ ನೊರೆ ಎಲ್ಲಿಂದ ಬರಬೇಕು.

ಕೂಟದ ದಿನ ಚಿಲುಮೆಯ ಬಂಡೆಗಳ ಮೇಲೆ ಇಡೀ ಊರು. ತೀರ್ಪು ಮೀಸೆಯದು. ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತನಾದ ಮರಿಯಪ್ಪಜ್ಜನ ಪೊದೆಮೀಸೆ ನಮ್ಮ ಊರಿನ ಕೋರ್ಟು. ಒಂದು ಗುಟುಕು ಕುಡಿದು, ಮೀಸೆ ಒರೆಸಿಕೊಳ್ಳದೆ, ಚಿಲುಮೆಯ ಸುತ್ತ ಒಂದು ಸುತ್ತು ಬರುತ್ತಾನೆ. ತಿರುಗಿ ಬಂದಾಗ ನೊರೆ ಯಾರದ್ದು ನಿಂತಿದೆಯೋ ಅವರು ಗೆದ್ದರು.

ಅಧ್ಯಕ್ಷರ ಬಿಯರು ಚಿನ್ನದ ಬಣ್ಣ, ಹಾಪ್ಸಿನ ಪರಿಮಳ ಬಂಡೆಯ ಆಚೆಗೂ ಬರುತ್ತಿತ್ತು. ಅಜ್ಜ ಕುಡಿದ. ಮೀಸೆ ಒದ್ದೆಯಾಯಿತು, ಅಷ್ಟೇ. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಅದೂ ಆರಿತು.

"ಸರಿಯಾಗಿ ಕುಡೀರಿ ಅಜ್ಜ" ಎಂದರು ಅಧ್ಯಕ್ಷರು. "ನಿಮಗೆ ಬಾಯಿ ರುಚಿ ಹೋಗಿದೆ."

"ಹೋಗೈತೆ ಅಧ್ಯಕ್ಷರೇ," ಎಂದ ಅಜ್ಜ, "ನೀವು ಹೇಳಿದ್ರೆ ಸರಿನೇ. ಮೀಸೆ ಮಾತ್ರ ಒಣಗೈತೆ." ನಮ್ಮ ಜಗುಲಿಯ ಪಾಠಕ್ಕೆ ಅವನೂ ಬಂದು ಕೂತಿದ್ದನೆಂದು ನನಗೆ ಆಮೇಲೆ ನೆನಪಾಯಿತು.

ನಮ್ಮ ಲೋಟಕ್ಕೆ ಬಾಯಿಟ್ಟವನು ಮುಖ ಎತ್ತಿದಾಗ ಅವನ ಮೀಸೆಯೇ ಕಾಣಿಸಲಿಲ್ಲ, ಮೂಗಿನ ಕೆಳಗೊಂದು ಮೊಲ ಕೂತಿತ್ತು. ಚಿಲುಮೆ ಸುತ್ತಿದ. ಇನ್ನೊಂದು ಸುತ್ತು ಹೋದ. ಮೊಲ ಕದಲಲಿಲ್ಲ. "ಇದ್ರಲ್ಲಿ ಇಡೀ ಬೀದಿ ಬೈತಾ ಐತೆ" ಎಂದು ಲೋಟವನ್ನು ಮತ್ತೆ ಮುಂದೆ ಚಾಚಿದ. ಅಧ್ಯಕ್ಷರು ಕೀಲಿಯನ್ನು ಬಂಡೆಯ ಮೇಲೆ ಇಟ್ಟರು, ಕೈಗೆ ಕೊಡಲಿಲ್ಲ. ಹನುಮಕ್ಕ ಸೆರಗಿನಿಂದ ಅದನ್ನು ಒರೆಸಿ ಎತ್ತಿಕೊಂಡಳು. ಅವತ್ತೇ ಇಳಿಹೊತ್ತಿಗೆ ನಮ್ಮ ಬೀದಿಯ ನಲ್ಲಿಗಳು ಕೆಮ್ಮಿ, ತುಕ್ಕು ಉಗುಳಿ, ಆಮೇಲೆ ತಿಳಿಯಾಗಿ ಹರಿದವು. ಹನುಮಕ್ಕನ ಮಗಳು ಕೂಸನ್ನು ಅಂಗಳದಲ್ಲೇ ಕಾಲ ಮೇಲೆ ಮಲಗಿಸಿಕೊಂಡು ನೀರು ಹೊಯ್ದಳು. ಬೀದಿಯ ಹೆಂಗಸರೆಲ್ಲ ಸುತ್ತ ನಿಂತು, ಇನ್ನೊಂದು ಚೊಂಬು ಹೊಯ್ಯಿ, ಇನ್ನೊಂದು ಚೊಂಬು ಹೊಯ್ಯಿ ಎನ್ನುತ್ತಿದ್ದರು.

ಈಗ ಕೀಲಿ ನಮ್ಮ ಮನೆಯ ಮೊಳೆಯಲ್ಲಿ. ಎರಡು ಬೀದಿಗೂ ಸಮಪಾಲು, ಬೆಳಗ್ಗೆ ನಮಗೆ, ಮಧ್ಯಾಹ್ನ ಅವರಿಗೆ. ಒಂದು ದಿನ ನಾನು ಹೊಸ ರಸ ಗುಡಾಣಕ್ಕೆ ತುಂಬಿ ಬಟ್ಟೆ ಕಟ್ಟುತ್ತಿದ್ದೆ. ಸಿದ್ದಿಯೂ ಹನುಮಕ್ಕನೂ ಮೊಳಕೆರಾಗಿ ಆರಿಸುತ್ತಿದ್ದರು. ಹಿಂಬೀದಿಗೆ ಯಾವತ್ತೂ ಕಾಲಿಡದ ಅಧ್ಯಕ್ಷರು ಬಾಗಿಲಲ್ಲಿ ನಿಂತಿದ್ದರು. ಅಂಗಿ ಮುದುಡಿತ್ತು.

"ಹನುಮಕ್ಕ" ಎಂದರು. ಅಕ್ಕ ಎಂಬುದು ಅವರ ಗಂಟಲಲ್ಲಿ ಎಡವಿಕೊಂಡೇ ಬಂತು. "ನಿನ್ನೆಯಿಂದ ನಮ್ಮನೆಗೆ ನೀರಿಲ್ಲ. ಇದು ನ್ಯಾಯನಾ?"

ನಿಜಕ್ಕೂ ಹಿಂದಿನ ದಿನ ತಿರುಪು ಬದಲಿಸುವುದನ್ನು ನಾನು ಮರೆತಿದ್ದೆ. ಸಿದ್ದಿ ಎದ್ದು, ಒಂದು ಬೆಂಚನ್ನು ಗುಡಾಣದ ಪಕ್ಕಕ್ಕೆ ಎಳೆದು, ಕೂತುಕೊಳ್ಳಿ ಎಂದಳು. ಅಧ್ಯಕ್ಷರು ಬೆಂಚನ್ನೂ ನೋಡಿದರು, ಗುಡಾಣವನ್ನೂ ನೋಡಿದರು. ಬಾಯಿ ಬಿಗಿದುಕೊಂಡು ನಿಂತೇ ಇದ್ದರು.

"ಕೇಳಿಸಿಕೊಂಡೆವು" ಎಂದೆ ನಾನು, ಅವರದೇ ದನಿಯಲ್ಲಿ. "ನೋಡೋಣ."

"ಏನ್ ನೋಡೋದು?" ಎಂದು ಸಿದ್ದಿ ನನ್ನ ಮೇಲೆ ತಿರುಗಿದಳು. "ಮರ್ತಿದ್ದು ನೀವು. ಹೋಗಿ ಈಗ್ಲೇ ತಿರುಪು ತಿರುಗ್ಸಿ."

"ಎಷ್ಟು ವರ್ಸ ಕಾದಿಲ್ಲ ನಾವು? ಒಂದಿನ ಅವ್ರೂ ಕಾಯ್ಲಿ" ಎಂದೆ ನಾನು.

"ಅವ್ರ ಹಂಗೇ ಮಾಡೋಕಾ ಕೀಲಿ ತಂದಿದ್ದು? ಮನೇಲಿ ಆಯಮ್ಮನೂ ಅವ್ರೆ, ಅವ್ರೇನ್ ಮಾಡಿದ್ರು?"

"ಬಾಣಂತನ ಕುಡಿದೋರು ಇವ್ರು" ಎಂದಳು ಹನುಮಕ್ಕ, ರಾಗಿಯ ಮೊರವನ್ನು ಕೆಳಗಿಟ್ಟು. "ಈರಣ್ಣ ಹೇಳೋದೇ ಸರಿ. ಗೆರೆ ವಿಸ್ಯ ಬಿಟ್ಟು."

ಗುಡಾಣದ ಬಟ್ಟೆ ಮೆಲ್ಲಗೆ ಉಬ್ಬತೊಡಗಿತು. ಅಧ್ಯಕ್ಷರು ಖಾಲಿ ಬಿಂದಿಗೆ ಹಿಡಿದವರ ಹಾಗೆ ಬಾಗಿಲ ಚೌಕಟ್ಟಿಗೆ ಒರಗಿ, ಒಮ್ಮೆ ಸಿದ್ದಿಯನ್ನು, ಒಮ್ಮೆ ನನ್ನನ್ನು ನೋಡುತ್ತ ನಿಂತರು. ಗೆದ್ದವಳು ಸಿದ್ದಿ. ನೀರು ಬಿಟ್ಟೆವು. ಜಗಳ ಮುಗಿಯುವ ತನಕ ಮಾತ್ರ ಅವರು ಕಾಯಬೇಕಾಯಿತು, ಮತ್ತು ನಾವು ಅವಸರ ಮಾಡಲಿಲ್ಲ.